ಹಲಗಲಿಯ ಹತಾರ, ಕೊಡಗಿನ ಕೋವಿ

ನಮ್ಮ ಮನೆಗಳಲ್ಲಿ ಉತ್ಥಾನ ದ್ವಾದಶಿಯ ತುಳಸೀಪೂಜೆ ಮುಗಿಯುವ ಹೊತ್ತಿಗೆ ದೆಹಲಿಯ ಬೀದಿಗಳಲ್ಲಿ ಮದುವೆಯ ಕಾಲ ತೊಡಗಿರುತ್ತದೆ. ಕುದುರೆಯ ಮೇಲೆ ವರ, ಮುಂದೆ ಬ್ಯಾಂಡು, ಬೀದಿಯ ತುಂಬ ಕುಣಿತ. ಕೆಲವು ವರ್ಷಗಳ ಹಿಂದೆ ನಮ್ಮ ಕಾಲೋನಿಯ ಮುಂದೆ ಹೋಗುತ್ತಿದ್ದ ಇಂಥದೊಂದು ಬಾರಾತನ್ನು ನೋಡಲು ಮಕ್ಕಳೆಲ್ಲ ಬಾಲ್ಕನಿಗೆ ಓಡಿದರು. ಇದ್ದಕ್ಕಿದ್ದಂತೆ ಢಂ ಢಂ ಎಂದು ಶಬ್ದವಾಯಿತು. ಪಟಾಕಿಯೆಂದೇ ನಾವು ಭಾವಿಸಿದೆವು. ಮಗ್ಗುಲ ಮನೆಯ ಪಂಜಾಬಿ ಅಜ್ಜಿ ಮಾತ್ರ ಏನೊಂದೂ ಮಾತನಾಡದೆ ಮಕ್ಕಳನ್ನೆಲ್ಲ ಕೈಹಿಡಿದು ಒಳಕ್ಕೆ ಎಳೆದುಕೊಂಡು ಬಾಗಿಲು ಹಾಕಿದರು. ಆಮೇಲೆ ತಿಳಿಯಿತು, ವರನ ಕಡೆಯವರೊಬ್ಬರು ಸಂತೋಷ ತಾಳಲಾರದೆ ಪಿಸ್ತೂಲನ್ನು ಆಕಾಶಕ್ಕೆ ಹಾರಿಸಿದ್ದರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಈ ಸೀಮೆಯಲ್ಲಿ ಅದಕ್ಕೆ ‘ಹರ್ಷ ಫೈರಿಂಗ್’ ಎಂಬ ಹೆಸರೇ ಇದೆ. ಈ ಹರ್ಷಕ್ಕೆ ಮದುವೆಮನೆ ಸೂತಕದ ಮನೆಯಾದ ಸುದ್ದಿಯನ್ನು ನಾವೆಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇವೆ.

ಆ ರಾತ್ರಿ ಊಟಕ್ಕೆ ಕುಳಿತಾಗ ನನ್ನ ಮಗ, “ಅಪ್ಪಾ, ನಮ್ಮ ಕರ್ನಾಟಕದಲ್ಲೂ ಹೀಗೆ ಹಾರಿಸುತ್ತಾರೆಯೇ?” ಎಂದು ಕೇಳಿದ. ಇಲ್ಲ ಎನ್ನಲು ಬಾಯಿ ತೆರೆದವನು ಸುಮ್ಮನಾದೆ. ಏಕೆಂದರೆ ನಮ್ಮ ಕೊಡಗಿನಲ್ಲಿ ಹುಟ್ಟಿಗೂ ಸಾವಿಗೂ ಕೋವಿ ಹಾರುತ್ತದೆ. ನಮ್ಮ ಹಲಗಲಿಯಲ್ಲಿ ಹತಾರ ಬಿಡಲಾರೆವೆಂದವರು ಗಲ್ಲಿಗೇರಿದರು. ಹುಡುಗನಿಗೆ ಆ ದಿನ ಕೊಡಲಾರದೆ ಹೋದ ಉತ್ತರವನ್ನು ಈ ರಾಜ್ಯೋತ್ಸವದ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಲು ಯತ್ನಿಸುತ್ತೇನೆ.

ಕಥೆ ಆರಂಭವಾಗುವುದು ನಾವಿರುವ ಈ ನಗರದಿಂದಲೇ. ೧೮೫೭ರ ಮೇ ೧೧ರಂದು ಮೀರತ್‌ನ ಸಿಪಾಯಿಗಳು ಯಮುನೆಯನ್ನು ದಾಟಿ ದೆಹಲಿಯನ್ನು ಹೊಕ್ಕರು. ಸೆಪ್ಟೆಂಬರಿನಲ್ಲಿ ಇಂಗ್ಲಿಷರು ನಗರವನ್ನು ಮರಳಿ ಹಿಡಿದರು. ಹಿಡಿದ ಮೇಲೂ ಅವರ ಅಂಜಿಕೆ ಹೋಗಲಿಲ್ಲ. ಪ್ರಜೆಯ ಮನೆಯಲ್ಲಿರುವ ಕತ್ತಿ ಕೋವಿಗಳು ನಾಳೆ ಯಾರ ಮೇಲೆ ತಿರುಗುತ್ತವೆಯೋ ಎಂಬ ಸಂಶಯದಿಂದ ಅದೇ ವರ್ಷ ಆಯುಧಗಳನ್ನು ನಿಯಂತ್ರಿಸುವ ಶಾಸನವೊಂದನ್ನು ಮಾಡಿದರು. ಜನ ಅದನ್ನು ನಿಶ್ಶಸ್ತ್ರೀಕರಣದ ಕಾಯಿದೆಯೆಂದೇ ಕರೆದರು. ಇದ್ದ ಆಯುಧವನ್ನು ದಾಖಲು ಮಾಡಿಸಬೇಕು, ಇಟ್ಟುಕೊಳ್ಳಲು ಸರಕಾರದ ಪರವಾನಗಿ ಪಡೆಯಬೇಕು, ಇಲ್ಲವೇ ಒಪ್ಪಿಸಬೇಕು ಎಂಬುದು ಅದರ ತಾತ್ಪರ್ಯ.

ಈ ಆಜ್ಞೆ ಹಲಗಲಿಗೂ ಬಂದಿತು. ಹಲಗಲಿ ಇಂದಿನ ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಊರು. ಆಗ ಅದು ಘೋರ್ಪಡೆ ಮನೆತನದವರ ಮುಧೋಳ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿಯ ಬೇಡರಿಗೆ ಬೇಟೆಯೂ ಕಾವಲೂ ಕುಲದ ಕಸುಬು. ಹತಾರವೆಂದರೆ ಅವರಿಗೆ ಅನ್ನವೂ ಹೌದು, ಮಾನವೂ ಹೌದು. ಅಜ್ಜ ಮುತ್ತಜ್ಜಂದಿರ ಕೈಯಿಂದ ಬಂದ ವಸ್ತುವನ್ನು ಕಚೇರಿಯ ಮುಂದೆ ಒಯ್ದಿಟ್ಟು, ಹಣ ತೆತ್ತು, ಚೀಟಿ ಪಡೆದು ಮರಳಿ ತರುವುದು ಅವರಿಗೆ ಸಹಿಸಲಾರದ ಅಪಮಾನವಾಗಿ ಕಂಡಿತು. ಜಡಗ, ಬಾಲ, ಹನುಮ, ರಾಮ ಮೊದಲಾದವರ ಮುಂದಾಳುತನದಲ್ಲಿ ಊರು ಹತಾರ ಕೊಡೆವೆಂದು ನಿಂತಿತು. ೧೮೫೭ರ ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ದಂಡು ಬಂದು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಅನೇಕರು ಹೋರಾಡುತ್ತ ಮಡಿದರು. ಸೆರೆಸಿಕ್ಕವರಲ್ಲಿ ೧೯ ಜನರನ್ನು ಡಿಸೆಂಬರ್ ತಿಂಗಳಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು.

ಹಲಗಲಿಯ ಈ ಕಥೆಯನ್ನು ನಮಗಾಗಿ ಉಳಿಸಿದವರು ಲಾವಣಿಕಾರರು. ಶಾಸನತಜ್ಞ ಫ್ಲೀಟ್ ಸಾಹೇಬರು ಇದರ ಲಾವಣಿಯನ್ನು ೧೮೮೦ರ ದಶಕದಲ್ಲಿ ಅಚ್ಚಿಗೆ ತಂದರು. ಆಳುವ ಸರಕಾರದ ಅಧಿಕಾರಿಯೊಬ್ಬರೇ ಆ ಸರಕಾರವು ಸುಟ್ಟ ಊರಿನ ಹಾಡನ್ನು ಸಂಗ್ರಹಿಸಿದುದು ಚರಿತ್ರೆಯ ಒಂದು ವಿಚಿತ್ರ. ಮುಂದೆ ಆ ಲಾವಣಿ ನಮ್ಮ ಶಾಲೆಯ ಪಠ್ಯಗಳಿಗೂ ಬಂದಿತು.

ಇನ್ನು ಅದೇ ಕನ್ನಡನಾಡಿನ ದಕ್ಷಿಣದ ತುದಿಗೆ ಹೋಗೋಣ. ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ೧೮೩೪ರಲ್ಲಿ ಆ ರಾಜ್ಯವನ್ನು ತಮ್ಮದಾಗಿಸಿಕೊಂಡಿದ್ದರು. ೧೮೩೭ರಲ್ಲಿ ಸುಳ್ಯದ ಕಡೆಯಿಂದ ಎದ್ದ ದಂಗೆಯನ್ನು ಅಡಗಿಸುವಲ್ಲಿ ಕೊಡವರ ಪಡೆ ಅವರಿಗೆ ನೆರವಾಯಿತು. ೧೮೫೭ರಲ್ಲಿ ಕೊಡಗು ಅಲುಗಲಿಲ್ಲ. ಆಗ ಮೈಸೂರಿನ ಜೊತೆಗೆ ಕೊಡಗಿನ ಆಡಳಿತವನ್ನೂ ನೋಡುತ್ತಿದ್ದವರು ಮಾರ್ಕ್ ಕಬ್ಬನ್; ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವರು. ಅವರು ೧೮೬೧ರಲ್ಲಿ ಪ್ರಕಟಣೆಯೊಂದನ್ನು ಹೊರಡಿಸಿ, ಕೊಡವರ ಶೌರ್ಯವನ್ನೂ ನಿಷ್ಠೆಯನ್ನೂ ಕೊಂಡಾಡಿ, ನಿಶ್ಶಸ್ತ್ರೀಕರಣದ ಕಾಯಿದೆ ಅವರಿಗೆ ಅನ್ವಯಿಸುವುದಿಲ್ಲವೆಂದು ಸಾರಿದರು.

ಕಾಯಿದೆ ಒಂದೇ. ಅದನ್ನು ಒಪ್ಪದೆ ಹಲಗಲಿ ಉರಿದುಹೋಯಿತು. ಕೊಡಗಿಗೆ ಅದೇ ಕಾಯಿದೆಯಿಂದ ಗೌರವಪೂರ್ವಕವಾದ ಬಿಡುಗಡೆ ದೊರೆಯಿತು. ಇದರಿಂದ ಒಬ್ಬರನ್ನು ಶೂರರೆಂದೂ ಇನ್ನೊಬ್ಬರನ್ನು ಪರರ ಪಕ್ಷದವರೆಂದೂ ಅಳೆಯುವುದು ಸರಿಯಲ್ಲ. ಕೋವಿ ಕಳೆದುಕೊಳ್ಳಬಾರದೆಂಬ ಆಸೆ ಎರಡೂ ಕಡೆ ಒಂದೇ ಆಗಿದ್ದಿತು. ಇಲ್ಲಿ ಗಮನಿಸಬೇಕಾದುದು ಬೇರೆ. ಪರರಾಜ್ಯದಲ್ಲಿ ಆಯುಧವನ್ನು ಇಟ್ಟುಕೊಳ್ಳುವುದು ಆಳುವವನ ಕೃಪೆಯಾಗಿದ್ದಿತು, ಕಳೆದುಕೊಳ್ಳುವುದು ಅವನ ಕೋಪವಾಗಿದ್ದಿತು. ಊರಿನ ನೆಮ್ಮದಿಗೆ ಯಾವುದು ಹಿತವೆಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

೧೮೭೮ರಲ್ಲಿ ವೈಸರಾಯ್ ಲಿಟ್ಟನ್ನರ ಕಾಲದಲ್ಲಿ ಬಂದ ಆಯುಧ ಕಾಯಿದೆ ಈ ಪಕ್ಷಪಾತವನ್ನು ಇನ್ನಷ್ಟು ಗಟ್ಟಿಮಾಡಿತು. ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ಬೇಡ. ಕಾಂಗ್ರೆಸ್ಸಿನ ಮೊದಮೊದಲ ಅಧಿವೇಶನಗಳಲ್ಲಿಯೇ ಇದರ ವಿರುದ್ಧ ದನಿ ಎದ್ದಿತು. ಅಹಿಂಸೆಯ ಮೂರ್ತಿಯಾದ ಗಾಂಧೀಜಿಯವರು ೧೯೩೦ರ ಜನವರಿ ಕೊನೆಯಲ್ಲಿ, ಉಪ್ಪಿನ ಸತ್ಯಾಗ್ರಹಕ್ಕೆ ಮುಂಚೆ, ವೈಸರಾಯ್ ಇರ್ವಿನ್ನರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ ಒಂದು ಇದೇ ಆಗಿದ್ದಿತೆಂದರೆ ಓದುಗರಲ್ಲಿ ಹಲವರಿಗೆ ಆಶ್ಚರ್ಯವಾದೀತು: ಆತ್ಮರಕ್ಷಣೆಗಾಗಿ ಬಂದೂಕಿನ ಪರವಾನಗಿಗಳನ್ನು ಕೊಡಬೇಕು, ಆದರೆ ಅದರ ಮೇಲೆ ಜನತೆಯ ಹತೋಟಿ ಇರಬೇಕು. ೧೯೨೮ರ ನೆಹರೂ ವರದಿಯಲ್ಲಿಯೂ ೧೯೩೧ರ ಕರಾಚಿ ನಿರ್ಣಯದ ಮೂಲಭೂತ ಹಕ್ಕುಗಳಲ್ಲಿಯೂ ನಿಯಮಗಳಿಗೆ ಒಳಪಟ್ಟು ಆಯುಧ ಧರಿಸುವ ಹಕ್ಕು ಸೇರಿದ್ದಿತು. ಕರಾಚಿಯವರೆಗೂ ‘ಹಕ್ಕು’ ಮತ್ತು ‘ಹತೋಟಿ’ ಎಂಬ ಎರಡು ಮಾತುಗಳು ಒಂದನ್ನೊಂದು ಬಿಟ್ಟಿರಲಿಲ್ಲವೆಂಬುದನ್ನು ನೆನಪಿಡಬೇಕು.

ಆ ಮೇಲೆ ಸ್ವಾತಂತ್ರ್ಯ ಬಂದಿತು. ೧೯೪೮ರ ಜನವರಿ ೩೦ರಂದು ಇದೇ ದೆಹಲಿಯ ಬಿರ್ಲಾ ಭವನದ ಪ್ರಾರ್ಥನಾಸ್ಥಳದಲ್ಲಿ ಬೆರೆಟ್ಟಾ ಪಿಸ್ತೂಲಿನ ಮೂರು ಗುಂಡುಗಳು ಗಾಂಧೀಜಿಯವರನ್ನು ಕೊಂದುವು. ಆ ಪಿಸ್ತೂಲು ಕಳ್ಳದಾರಿಯಲ್ಲಿ ಕೈಸೇರಿದ್ದು. ಅದಾಗಿ ಹತ್ತು ತಿಂಗಳಿಗೆ, ಡಿಸೆಂಬರಿನ ಮೊದಲ ದಿನಗಳಲ್ಲಿ, ಬಿರ್ಲಾ ಭವನಕ್ಕೆ ದೂರವಲ್ಲದ ಸಂವಿಧಾನ ಸಭೆಯಲ್ಲಿ ಈ ಹಕ್ಕಿನ ಪ್ರಶ್ನೆ ಮತ್ತೆ ಬಂದಿತು. ಅದನ್ನು ಎತ್ತಿದವರು ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು. ಐ.ಸಿ.ಎಸ್. ಹುದ್ದೆಯನ್ನು ಬಿಟ್ಟು ಸುಭಾಷರನ್ನು ಸೇರಿದ್ದ ಧೀರರು. ಸಭೆಯಲ್ಲಿ ಮಧ್ಯಪ್ರಾಂತ ಮತ್ತು ಬೇರಾರಿನ ಪ್ರತಿನಿಧಿ. ಆಯುಧಗಳನ್ನು ಇಟ್ಟುಕೊಳ್ಳುವ ಮತ್ತು ಧರಿಸುವ ಹಕ್ಕನ್ನು, ಕಾನೂನಿನ ನಿಯಮಗಳಿಗೆ ಒಳಪಡಿಸಿ, ಪ್ರಜೆಯ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಸೇರಿಸಬೇಕೆಂಬುದು ಅವರ ತಿದ್ದುಪಡಿ. ಕರಾಚಿಯಲ್ಲಿ ಕೊಟ್ಟ ಮಾತನ್ನು ಸ್ವತಂತ್ರ ಭಾರತ ಮರೆಯಬಾರದೆಂಬುದು ಅದರ ಹಿಂದಿನ ಭಾವ.

ಡಾಕ್ಟರ್ ಅಂಬೇಡ್ಕರರು ಅದನ್ನು ಒಪ್ಪಲಿಲ್ಲ. ಪರಕೀಯರು ನಮ್ಮ ಕೈಯಿಂದ ಆಯುಧ ಕಸಿದಿದ್ದಾಗ ಹುಟ್ಟಿದ ಬೇಡಿಕೆ ಅದು, ಈಗ ಕಾಲ ಬದಲಾಗಿದೆ. ಪ್ರತಿಯೊಬ್ಬನೂ ಅಂಗಡಿಗೆ ಹೋಗಿ ಬೇಕಾದ ಆಯುಧವನ್ನು ಕೊಳ್ಳುವ ಹಕ್ಕನ್ನು ಪಡೆದರೆ ರಾಜ್ಯ ತನ್ನ ಆಡಳಿತವನ್ನು ನಡೆಸುವುದು ಹೇಗೆ, ಎಂಬುದು ಅವರ ವಾದದ ಸಾರ. ತಿದ್ದುಪಡಿ ಬಿದ್ದುಹೋಯಿತು. ಹೀಗೆ, ಭಾರತದ ಪ್ರಜೆಗೆ ಬಂದೂಕು ಮೂಲಭೂತ ಹಕ್ಕಲ್ಲವೆಂಬುದು ಈ ನಗರದಲ್ಲಿ, ಇಬ್ಬರು ದೇಶಭಕ್ತರ ನಡುವಣ ಸಭ್ಯವಾದ ವಾದದಲ್ಲಿ ತೀರ್ಮಾನವಾಯಿತು. ಅದಾದ ಆರು ವಾರಗಳಿಗೆ, ೧೯೪೯ರ ಜನವರಿ ೧೫ರಂದು, ಕೋವಿಯ ನಾಡಾದ ಕೊಡಗಿನ ಕಾರ್ಯಪ್ಪನವರು ಭಾರತೀಯ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿ ಇದೇ ದೆಹಲಿಯಲ್ಲಿ ಅಧಿಕಾರ ವಹಿಸಿಕೊಂಡರು.

ಹಾಗಾದರೆ ಹಕ್ಕಲ್ಲದ ಮೇಲೆ ಬಂದೂಕು ಏನಾಯಿತು? ಅದಕ್ಕೆ ೧೯೫೯ರ ಆಯುಧ ಕಾಯಿದೆ ಉತ್ತರ ಕೊಟ್ಟಿತು. ೧೯೬೨ರಲ್ಲಿ ಜಾರಿಗೆ ಬಂದ ಈ ಕಾಯಿದೆ ಬಣ್ಣದ ಭೇದವಿದ್ದ ಹಳೆಯ ಶಾಸನವನ್ನು ತೊಡೆದುಹಾಕಿತು. ಬಂದೂಕು ಬೇಕಾದವನು ಯಾರೇ ಆಗಲಿ, ತನ್ನ ಕಾರಣವನ್ನು ಹೇಳಿ, ಪೊಲೀಸರ ತನಿಖೆಗೆ ಒಳಪಟ್ಟು, ಪರವಾನಗಿ ಪಡೆಯಬೇಕು. ಸಾರ್ವಜನಿಕ ಶಾಂತಿಗೆ ಭಂಗ ಬರುವುದೆಂದು ಕಂಡರೆ ಅಧಿಕಾರಿ ಪರವಾನಗಿಯನ್ನು ನಿರಾಕರಿಸಬಹುದು. ಆದರೆ ಸಾರ್ವಜನಿಕ ಹಿತಕ್ಕೆ ತಕ್ಕುದೆಂದು ತೋರಿದರೆ ಯಾವುದಾದರೂ ವರ್ಗದ ಜನರಿಗೆ ವಿನಾಯಿತಿ ಕೊಡುವ ಅಧಿಕಾರವನ್ನೂ ಕೇಂದ್ರ ಸರಕಾರಕ್ಕೆ ಅದರ ೪೧ನೆಯ ಕಲಮು ಕೊಟ್ಟಿತು. ಆ ಕಲಮಿನ ಬಲದಿಂದ ೧೯೬೩ರಲ್ಲಿ ಕೊಡಗಿನ ಹಳೆಯ ವಿನಾಯಿತಿ ಮುಂದುವರಿಯಿತು. ಕೊಡವರಿಗೆ ಮಾತ್ರವಲ್ಲ, ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಅದು ಸಲ್ಲುತ್ತದೆ. ಜಮ್ಮಾ ಎಂದರೆ ಅರಸರ ಕಾಲದಲ್ಲಿ ಸೈನ್ಯದ ಸೇವೆಯ ಕಟ್ಟಿನ ಮೇಲೆ ಕಡಮೆ ಕಂದಾಯಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿ.

ಅಷ್ಟರಲ್ಲಿ ೧೯೫೬ರ ನವೆಂಬರ್ ಒಂದು ಬಂದು ಹೋಗಿತ್ತು. ಮುಂಬಯಿ ಪ್ರಾಂತದಲ್ಲಿದ್ದ ಹಲಗಲಿಯೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕೊಡಗೂ ಅಂದು ಒಂದೇ ನಾಡಾದುವು. ಒಂದೇ ಕಾಯಿದೆಯ ಎರಡು ಅನುಭವಗಳು ಒಂದು ಮನೆಯ ನೆನಪುಗಳಾದುದು ಆ ದಿನ. ನಾವು ಆಚರಿಸುವ ರಾಜ್ಯೋತ್ಸವದಲ್ಲಿ ಇದೂ ಸೇರಿದೆ.

ಕೊಡಗಿನ ವಿನಾಯಿತಿ ಪ್ರಶ್ನೆಯಿಲ್ಲದೆ ಉಳಿಯಲಿಲ್ಲ. ೨೦೧೯ರ ಅಕ್ಟೋಬರಿನಲ್ಲಿ ಕೇಂದ್ರ ಗೃಹಮಂತ್ರಾಲಯವು ಅದನ್ನು ಹತ್ತು ವರ್ಷಗಳಿಗೆ, ಎಂದರೆ ೨೦೨೯ರ ಅಕ್ಟೋಬರ್ ೩೧ರವರೆಗೆ, ಮುಂದುವರಿಸಿತು. ಹುಟ್ಟು ಮತ್ತು ಭೂಮಿಯ ಆಧಾರದ ಮೇಲೆ ಕೆಲವರಿಗೆ ಮಾತ್ರ ಇಂಥ ಸೌಲಭ್ಯ ಕೊಡುವುದು ಸಮಾನತೆಗೆ ವಿರುದ್ಧವೆಂದು ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ಅರ್ಜಿ ದಾಖಲಾಯಿತು. ೨೦೨೧ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ವಿನಾಯಿತಿಯನ್ನು ಎತ್ತಿಹಿಡಿಯಿತು. ಕೊಡವರು ಯೋಧ ಪರಂಪರೆಯವರು, ಸ್ವಾತಂತ್ರ್ಯಕ್ಕೆ ಮುಂಚಿನಿಂದಲೂ ಈ ಸೌಲಭ್ಯ ಅವರಿಗಿದೆ, ಅದು ಅನಿರ್ದಿಷ್ಟ ಕಾಲದ್ದಲ್ಲ, ಷರತ್ತುಗಳಿಗೆ ಒಳಪಟ್ಟಿದೆ ಎಂಬವು ನ್ಯಾಯಾಲಯ ಕಂಡ ಕಾರಣಗಳು.

ಅರ್ಜಿಯ ಹಿಂದಿನ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಕಬ್ಬನ್ನರು ನಿಷ್ಠೆಗೆ ಬಹುಮಾನವಾಗಿ ಕೊಟ್ಟುದನ್ನು ಗಣರಾಜ್ಯ ಏಕೆ ಮುಂದುವರಿಸಬೇಕು? ಹಲಗಲಿಯ ಬೇಡನ ಮರಿಮಗ ಪರವಾನಗಿಗಾಗಿ ಕಚೇರಿಯ ಮೆಟ್ಟಿಲು ಹತ್ತಬೇಕಾಗಿರುವಾಗ ಕೊಡಗಿನವನಿಗೇಕೆ ಬೇರೆ ದಾರಿ? ಕುಲದ ಶೌರ್ಯವೊಂದೇ ಇದಕ್ಕೆ ಉತ್ತರವಾದರೆ ನನಗೆ ಅದು ಸಾಲದು. ಶೌರ್ಯ ಹಲಗಲಿಯಲ್ಲಿಯೂ ಇದ್ದಿತು.

ಈ ಮಾತನ್ನು ನಮ್ಮ ಸಂಘದ ಹಿರಿಯ ಕೊಡವ ಮಿತ್ರರೊಬ್ಬರ ಮುಂದೆ ಆಡಿದೆ. ಸೈನ್ಯದಿಂದ ನಿವೃತ್ತರಾಗಿ ಇಲ್ಲಿಯೇ ನೆಲೆಸಿರುವವರು. ಅವರು ಸಿಟ್ಟಾಗಲಿಲ್ಲ. “ನೀವು ಕೋವಿಯನ್ನು ನೋಡುತ್ತಿದ್ದೀರಿ, ಅದನ್ನು ಇಟ್ಟಿರುವ ಮನೆಯನ್ನು ನೋಡುತ್ತಿಲ್ಲ” ಎಂದರು. ಕೊಡವರಲ್ಲಿ ಒಬ್ಬೊಬ್ಬನೂ ಒಂದು ‘ಒಕ್ಕ’ಕ್ಕೆ ಸೇರಿದವನು, ಒಕ್ಕಕ್ಕೆ ಒಂದು ಐನ್‌ಮನೆ. ಗದ್ದೆಯ ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನೆಲ್ಲ ತೊಳೆದು ಒರಸಿ, ಎಲ್ಲರೂ ಕೂಡುವ ನಡುಮನೆಯಲ್ಲಿಟ್ಟು, ‘ತೋಕ್ ಪೂ’ ಎಂಬ ಹೂವನ್ನು ಮುಡಿಸಿ ಪೂಜಿಸುತ್ತಾರೆ. ತೋಕ್ ಎಂದರೆ ಕೊಡವ ಮಾತಿನಲ್ಲಿ ಕೋವಿ. ಆ ದಿನ ಯಾರ ಕೋವಿ ಹೇಗಿದೆಯೆಂಬುದು ಮನೆಮಂದಿಗೆಲ್ಲ ಕಾಣುತ್ತದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಗುಡ್ಡಕ್ಕೊಂದು ಮನೆಯಿರುವ ನಾಡಿನಲ್ಲಿ ನೆರೆಯವರಿಗೆ ಸುದ್ದಿ ಮುಟ್ಟುತ್ತಿದ್ದುದೇ ಹಾಗೆ. ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗ ಕೋವಿ ಹಾರುತ್ತದೆ. ಗುರಿಯ ಪಂದ್ಯಕ್ಕೆ ಮರದ ಮೇಲೆ ತೆಂಗಿನಕಾಯಿ ಕಟ್ಟುತ್ತಾರೆ. ಎಷ್ಟು ಗುಂಡು, ಯಾವಾಗ, ಯಾರ ಮುಂದೆ ಎಂಬುದಕ್ಕೆಲ್ಲ ಒಂದು ಕಟ್ಟಳೆ ಇದೆ. ಮೀರಿದವನಿಗೆ ಹಿರಿಯರ ಮುಂದೆ ತಲೆಯೆತ್ತಲಾಗದು.

“ಇಷ್ಟಿದ್ದೂ ನಮ್ಮಲ್ಲಿ ತಪ್ಪು ನಡೆಯುವುದಿಲ್ಲವೆಂದು ಹೇಳಲಾರೆ” ಎಂದು ಅವರೇ ಸೇರಿಸಿದರು. ಆಸ್ತಿಯ ಜಗಳದಲ್ಲಿ, ಕುಡಿತದ ಅಮಲಿನಲ್ಲಿ ಮನೆಯ ಕೋವಿಯೇ ಮನೆಯವರ ಮೇಲೆ ಹಾರಿದ ಪ್ರಕರಣಗಳು ಕೊಡಗಿನಲ್ಲಿಯೂ ನಡೆದಿವೆ. ಐನ್‌ಮನೆಗಳು ಬರಿದಾಗಿ, ಮಕ್ಕಳು ಬೆಂಗಳೂರಿಗೂ ದೆಹಲಿಗೂ ಹೊರಟುಹೋದ ಮೇಲೆ, ನೋಡುವ ಹಿರಿಯರ ಕಣ್ಣೂ ಕಡಮೆಯಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ಬೇಟೆಯೂ ನಿಂತಿತು. ಉಳಿದುದು ಹಬ್ಬ, ಹುಟ್ಟು ಸಾವು ಮತ್ತು ನೆನಪು. ಜಿಲ್ಲಾಧಿಕಾರಿಗಳ ವಿನಾಯಿತಿ ಪತ್ರ, ಹತ್ತು ವರ್ಷಗಳ ಗಡುವು ಇವು ಆದುದರಿಂದ ತಮಗೆ ಅಪಮಾನವೆನಿಸುವುದಿಲ್ಲ ಎಂದರು ಆ ಮಿತ್ರರು. ಕೋವಿ ಇಟ್ಟುಕೊಂಡವನು ಅದಕ್ಕೆ ಯಾರಿಗಾದರೂ ಲೆಕ್ಕ ಕೊಡಲೇಬೇಕು. ಮೊದಲು ಒಕ್ಕದ ಹಿರಿಯರಿಗೆ, ಈಗ ಸರಕಾರಕ್ಕೂ.

ಈ ಮಾತಿನಲ್ಲಿ ನನಗೆ ಬೇಕಾದ ಉತ್ತರ ದೊರೆಯಿತೆಂದು ತೋರಿತು. ಬಂದೂಕಿನ ವಿಷಯದಲ್ಲಿ ಹಕ್ಕು ದೊಡ್ಡದೋ ಊರಿನ ಸುರಕ್ಷಿತತೆ ದೊಡ್ಡದೋ ಎಂದು ತಕ್ಕಡಿ ಹಿಡಿದು ಕೂತರೆ ವಾದಕ್ಕೆ ಕೊನೆಯಿಲ್ಲ. ಅದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆ, ಈ ಬಂದೂಕಿಗೆ ಹೊಣೆ ಯಾರು ಎಂಬುದು. ಕೊಡಗಿನಲ್ಲಿ ಹೆಸರಿರುವ ಮನೆ ಹೊಣೆ. ಬಾರಾತಿನ ಗುಂಪಿನಲ್ಲಿ ಆಕಾಶಕ್ಕೆ ಹಾರಿದ ಗುಂಡಿಗೆ ಯಾರೂ ಹೊಣೆಯಲ್ಲ. ಹಾರಿಸಿದವನು ಕತ್ತಲಲ್ಲಿ ಜಾರಿಕೊಳ್ಳುತ್ತಾನೆ, ಗುಂಡು ಮಾತ್ರ ಯಾರದೋ ಬಾಲ್ಕನಿಗೆ ಇಳಿಯುತ್ತದೆ. ಸಂಪ್ರದಾಯದ ಕಟ್ಟು ಸಡಿಲವಾದಲ್ಲಿ, ಅಥವಾ ಇಲ್ಲದಲ್ಲಿ, ಕಾನೂನಿನ ಕಟ್ಟು ಬಿಗಿಯಾಗಲೇಬೇಕು.

೨೦೧೯ರ ಡಿಸೆಂಬರಿನಲ್ಲಿ ಸಂಸತ್ತು ಆಯುಧ ಕಾಯಿದೆಗೆ ತಂದ ತಿದ್ದುಪಡಿಯ ಅರ್ಥ ಇದೇ ಎಂದು ನಾನು ತಿಳಿದಿದ್ದೇನೆ. ಒಬ್ಬ ವ್ಯಕ್ತಿ ಪರವಾನಗಿಯ ಮೇಲೆ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಮದುವೆ, ಮೆರವಣಿಗೆ, ಪೂಜಾಸ್ಥಳಗಳಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಹರ್ಷಕ್ಕಾಗಿ ಗುಂಡು ಹಾರಿಸಿದವನಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದಾಯಿತು. ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಕೆ. ಎಂ. ಜೋಸೆಫ್ ಮತ್ತು ನಮ್ಮ ನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ ಅವರ ಪೀಠವು ಉತ್ತರ ಪ್ರದೇಶದ ಪರವಾನಗಿಯಿಲ್ಲದ ಬಂದೂಕುಗಳ ಹಾವಳಿಯನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಅಮೆರಿಕದ ಸಂವಿಧಾನದಂತೆ ನಮ್ಮ ಸಂವಿಧಾನ ಆಯುಧದ ಹಕ್ಕನ್ನು ಯಾರಿಗೂ ಕೊಟ್ಟಿಲ್ಲವೆಂದು ಆಗ ನೆನಪಿಸಿತು. ಕಾಮತ ಅಂಬೇಡ್ಕರರ ಹಳೆಯ ವಾದ ಎಪ್ಪತ್ತೈದು ವರ್ಷಗಳ ಮೇಲೆ ಮತ್ತೆ ದೆಹಲಿಯಲ್ಲಿ ಕೇಳಿಬಂದಂತಾಯಿತು.

ನಮ್ಮಲ್ಲಿ ಎಷ್ಟೋ ಮನೆಗಳ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಲ್ಲಿ ೧೭೯೧ರ ಎರಡನೆಯ ತಿದ್ದುಪಡಿಯಿಂದ ಆಯುಧ ಹಕ್ಕಾಗಿ ನಿಂತಿದೆ. ಮೊಮ್ಮಕ್ಕಳ ಶಾಲೆಯಲ್ಲಿ ಗುಂಡಿನ ದಾಳಿಯಾದರೆ ಅಡಗಿ ಕೂರುವ ಅಭ್ಯಾಸವನ್ನು ಮಾಡಿಸುತ್ತಾರೆಂದು ಫೋನಿನಲ್ಲಿ ಕೇಳಿದ ಅಜ್ಜಿಯಂದಿರಿಗೆ ಅಂಬೇಡ್ಕರರ ಎಚ್ಚರಿಕೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಆದರೆ ನಮ್ಮ ಈ ಸೀಮೆಯಲ್ಲಿಯೂ ಪರವಾನಗಿಯ ಬಂದೂಕಿಗಿಂತ ಕದ್ದು ಮಾರುವ ದೇಸೀ ಕಟ್ಟಾ ಹೆಚ್ಚು ಭಯಂಕರ. ಪರವಾನಗಿಯ ಬಂದೂಕಿಗೆ ಒಂದು ಹೆಸರು, ಒಂದು ವಿಳಾಸವಾದರೂ ಇದೆ. ಕಟ್ಟಾಕ್ಕೆ ಅದೂ ಇಲ್ಲ. ಹೊಣೆಯಿರುವವನನ್ನು ಮಾತ್ರ ಕಚೇರಿಯಿಂದ ಕಚೇರಿಗೆ ಅಲೆಸಿ, ಹೊಣೆಯಿಲ್ಲದವನನ್ನು ಹಿಡಿಯದೆ ಬಿಟ್ಟರೆ ಕಾನೂನು ಅರ್ಧ ಕೆಲಸವನ್ನಷ್ಟೇ ಮಾಡಿದಂತೆ.

ಮಗನ ಪ್ರಶ್ನೆಗೆ ಈಗ ಹೀಗೆ ಹೇಳುತ್ತೇನೆ: ನಮ್ಮ ಕೊಡಗಿನಲ್ಲಿ ಹಾರಿಸುತ್ತಾರಪ್ಪ, ಆದರೆ ಯಾರು ಹಾರಿಸಿದರು, ಏಕೆ ಹಾರಿಸಿದರು ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ಹಲಗಲಿಯಲ್ಲಿ ಹತಾರಕ್ಕಾಗಿ ಪ್ರಾಣ ಕೊಟ್ಟರು. ಆ ಕಾನೂನನ್ನು ಮಾಡಿದವರು ನಾವಾಗಿರಲಿಲ್ಲ. ಇಂದಿನ ಕಾನೂನು ನಾವೇ ಕಳಿಸಿದವರು, ಈ ಊರಿನಲ್ಲಿ ಕುಳಿತು ಮಾಡಿದ್ದು. ಅದನ್ನು ಪಾಲಿಸಿದರೆ ಯಾರ ಮಾನವೂ ಹೋಗದು. ಹಲಗಲಿಯವರಿಗೆ ಇಲ್ಲದಿದ್ದ ಭಾಗ್ಯ ಅದು.

ಈ ಸಲ ದೀಪಾವಳಿಗೆ ಅವನು ಆಟದ ಪಿಸ್ತೂಲು ಬೇಡವೆಂದ. ತೆಂಗಿನಕಾಯಿಗೆ ಗುರಿಯಿಡುವುದನ್ನು ನೋಡಲು ಕೊಡಗಿಗೆ ಕರೆದುಕೊಂಡು ಹೋಗಬೇಕಂತೆ. ನಮ್ಮ ಕೊಡವ ಮಿತ್ರರು ಮುಂದಿನ ಸೆಪ್ಟೆಂಬರಿಗೆ ತಮ್ಮ ಐನ್‌ಮನೆಗೆ ಬರಹೇಳಿದ್ದಾರೆ. ದಾರಿಯನ್ನು ಸ್ವಲ್ಪ ಬಳಸಿ, ಹಲಗಲಿಯನ್ನೂ ನೋಡಿಕೊಂಡು ಹೋಗಬೇಕೆಂದು ನಾನು ಎಣಿಸಿದ್ದೇನೆ.